ಮೋಲ್ ಲೆಕ್ಕದಲ್ಲಿ ಪದೇ ಪದೇ ತಪ್ಪುತ್ತಿದ್ದೇನೆ. ಸಿಇಟಿಗೆ ಹೇಗೆ ಅಭ್ಯಾಸ ಮಾಡಲಿ?

ನಾಪೋಕ್ಲು_ಪಿಯು · ಜನವರಿ 11, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯು ಪಿಸಿಎಂಬಿ ವಿದ್ಯಾರ್ಥಿನಿ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಏಪ್ರಿಲ್‌ನಲ್ಲಿ ಸಿಇಟಿ ಇದೆ. ಪೊನ್ನಂಪೇಟೆ ಅರಣ್ಯ ಕಾಲೇಜಿನಲ್ಲಿ ಬಿಎಸ್ಸಿ ಸೇರಬೇಕು ಅನ್ನುವುದು ತುಂಬಾ ದಿನದ ಆಸೆ.

ಬಯಾಲಜಿ ಪರವಾಗಿಲ್ಲ. ಆರ್ಗ್ಯಾನಿಕ್ ಕೆಮಿಸ್ಟ್ರಿ ಕೂಡ ಎರಡು ಸಲ ಓದಿದರೆ ನೆನಪಿರುತ್ತದೆ. ಲೆಕ್ಕ ಬಂದರೆ ಮಾತ್ರ ಕೈ ನಿಂತುಬಿಡುತ್ತದೆ. ಅದೂ ಕಷ್ಟದ ಪಾಠ ಅಲ್ಲ. ಫಸ್ಟ್ ಪಿಯುನ ಮೊದಲ ಪಾಠವೇ ಸರಿಯಾಗಿ ತಲೆಗೆ ಹತ್ತಿಲ್ಲ. ಮೋಲ್ (ಕಣಗಳನ್ನು ಎಣಿಸುವ ಅಳತೆ), ಮೋಲಾರಿಟಿ (ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್), ಲಿಮಿಟಿಂಗ್ ರಿಯೇಜೆಂಟ್ (ಕ್ರಿಯೆಯಲ್ಲಿ ಮೊದಲು ಮುಗಿಯುವ ವಸ್ತು). ಫಾರ್ಮುಲಾ ಎಲ್ಲಾ ಬರೆದು ಗೋಡೆಗೆ ಅಂಟಿಸಿದ್ದೇನೆ. ಪ್ರಶ್ನೆ ಓದಿದಾಗ ಯಾವುದನ್ನು ಹಾಕಬೇಕು ಅಂತ ಗೊತ್ತಾಗಲ್ಲ.

ನಿನ್ನೆ ಮಾಡಿದ ಲೆಕ್ಕ ಇದು. ಶೇ. 80 ಶುದ್ಧತೆಯ 25 ಗ್ರಾಂ ಸುಣ್ಣಕಲ್ಲನ್ನು ಪೂರ್ತಿ ಕಾಯಿಸಿದರೆ ಎಸ್‌ಟಿಪಿಯಲ್ಲಿ (ನಿಗದಿತ ಉಷ್ಣತೆ, ಒತ್ತಡದಲ್ಲಿ) ಎಷ್ಟು ಲೀಟರ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ? ನಾನು 25ನ್ನು 22.4ರಿಂದ ಗುಣಿಸಿ, ಅದರಲ್ಲಿ ಶೇ. 80 ತೆಗೆದು, 448 ಲೀಟರ್ ಅಂತ ಬರೆದೆ. ಆಯ್ಕೆಗಳಲ್ಲಿ ಅದು ಇರಲೇ ಇಲ್ಲ.

ಈಗ ಮನೆಯಲ್ಲಿ ಕಾಫಿ ಕುಯ್ಲು ನಡೆಯುತ್ತಿದೆ. ಕಾಲೇಜಿನಿಂದ ಬಂದ ಮೇಲೆ ಕಣದಲ್ಲಿ ಹರಡಿದ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು. ಕೆಮಿಸ್ಟ್ರಿಗೆ ದಿನಕ್ಕೆ ಒಂದು ಗಂಟೆ ಸಿಕ್ಕಿದರೆ ಜಾಸ್ತಿ. ಇರುವ ಮೂರು ತಿಂಗಳಲ್ಲಿ ಎಲ್ಲಿಂದ ಶುರು ಮಾಡಲಿ?

ಗೋಣಿಕೊಪ್ಪದ_ಕೆಮಿಸ್ಟ್ರಿ_ಮೇಡಂ · ಜನವರಿ 11, ರಾತ್ರಿ 10.25

ನಿಮ್ಮ 448 ನೋಡಿ ನನಗೆ ಸಮಾಧಾನವೇ ಆಯಿತು. ಯಾಕೆಂದರೆ ಸರಿ ಉತ್ತರ 4.48. ನೀವು ಒಂದೇ ಒಂದು ಹೆಜ್ಜೆ ಬಿಟ್ಟಿದ್ದೀರಿ. 100ರಿಂದ ಭಾಗಿಸಿಲ್ಲ, ಅಷ್ಟೇ. ಆ 100 ಅಂದರೆ ಸುಣ್ಣಕಲ್ಲಿನ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಮೋಲಾರ್ ಮಾಸ್ (ಒಂದು ಮೋಲ್‌ನ ತೂಕ, ಗ್ರಾಂನಲ್ಲಿ). ಕ್ಯಾಲ್ಸಿಯಂ 40, ಕಾರ್ಬನ್ 12, ಮೂರು ಆಕ್ಸಿಜನ್ ಸೇರಿ 48.

ಆ ಹೆಜ್ಜೆ ಯಾಕೆ ಬಿಟ್ಟುಹೋಯಿತು ಅಂತ ಯೋಚಿಸಿ. ನೀವು ಗ್ರಾಂನಿಂದ ನೇರವಾಗಿ ಲೀಟರ್‌ಗೆ ಹಾರಿದ್ದೀರಿ. ಅಲ್ಲಿ ದಾರಿಯೇ ಇಲ್ಲ.

ನಾಪೋಕ್ಲುವಿನಿಂದ ಸೋಮವಾರಪೇಟೆಗೆ ಹೇಗೆ ಹೋಗುತ್ತೀರಿ? ಮಡಿಕೇರಿಗೆ ಬಂದು ಬಸ್ ಬದಲಿಸುತ್ತೀರಿ, ಅಲ್ವಾ? ಭಾಗಮಂಡಲದವರು ಕುಶಾಲನಗರಕ್ಕೆ ಹೋಗಬೇಕಾದರೂ ಅದೇ ಕಥೆ. ಕೆಮಿಸ್ಟ್ರಿ ಲೆಕ್ಕದಲ್ಲಿ ಮೋಲ್ ಅಂದರೆ ಮಡಿಕೇರಿ. ಗ್ರಾಂ ಒಂದು ಊರು. ಅನಿಲದ ಲೀಟರ್ ಇನ್ನೊಂದು ಊರು. ಅಣುಗಳ ಸಂಖ್ಯೆ ಮತ್ತೊಂದು ಊರು. ದ್ರಾವಣದ ಮೋಲಾರಿಟಿ ನಾಲ್ಕನೆಯದು. ಯಾವ ಊರಿನಿಂದ ಹೊರಟರೂ ಮೊದಲು ಮಡಿಕೇರಿಗೆ ಬನ್ನಿ. ಗ್ರಾಂ ಇದ್ದರೆ ಮೋಲಾರ್ ಮಾಸ್‌ನಿಂದ ಭಾಗಿಸಿ. ಲೀಟರ್ ಇದ್ದರೆ 22.4ರಿಂದ ಭಾಗಿಸಿ. ಸಂಖ್ಯೆ ಇದ್ದರೆ 6.022 × 10²³ರಿಂದ ಭಾಗಿಸಿ. ದ್ರಾವಣ ಇದ್ದರೆ ಮೋಲಾರಿಟಿಯನ್ನು ಲೀಟರ್‌ನಿಂದ ಗುಣಿಸಿ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಒಂದು ವಸ್ತುವಿನಿಂದ ಇನ್ನೊಂದು ವಸ್ತುವಿಗೆ ಬಸ್ ಬದಲಿಸುವುದೂ ಮಡಿಕೇರಿಯಲ್ಲಿ ಮಾತ್ರ. ಸಮೀಕರಣದಲ್ಲಿ ವಸ್ತುಗಳ ಮುಂದೆ 2, 3 ಅಂತ ಅಂಕಿ ಇರುತ್ತದಲ್ಲ, ಅದು ಮೋಲ್‌ನ ಅಂಕಿ. ಗ್ರಾಂಗೆ ಅದನ್ನು ಹಚ್ಚಬಾರದು. ನನ್ನ ತರಗತಿಯಲ್ಲಿ ಆಗುವ ತಪ್ಪುಗಳಲ್ಲಿ ಅರ್ಧಕ್ಕರ್ಧ ಇದೇ.

ಈಗ ನಿಮ್ಮ ಲೆಕ್ಕ ಹೀಗೆ ಬರೆಯಿರಿ. 25 ಗ್ರಾಂನಲ್ಲಿ ಶೇ. 80, ಅಂದರೆ 20 ಗ್ರಾಂ ಶುದ್ಧ ಸುಣ್ಣಕಲ್ಲು. 20 ಭಾಗಿಸು 100, ಅಂದರೆ 0.2 ಮೋಲ್. ಒಂದು ಮೋಲ್ ಸುಣ್ಣಕಲ್ಲಿಗೆ ಒಂದು ಮೋಲ್ ಕಾರ್ಬನ್ ಡೈಆಕ್ಸೈಡ್. ಹಾಗಾಗಿ 0.2 ಮೋಲ್ ಅನಿಲ. ಅದನ್ನು 22.4ರಿಂದ ಗುಣಿಸಿದರೆ 4.48 ಲೀಟರ್. ಪ್ರತಿ ಸಾಲಿನಲ್ಲೂ ಗ್ರಾಂ, ಮೋಲ್, ಲೀಟರ್ ಅಂತ ಯೂನಿಟ್ ಬರೆಯಲೇಬೇಕು. ಬರೀ ಅಂಕಿ ಬರೆದರೆ ನೀವು ಯಾವ ಊರಿನಲ್ಲಿ ಇಳಿದಿದ್ದೀರಿ ಅಂತ ನಿಮಗೇ ಗೊತ್ತಾಗಲ್ಲ.

ಗೋಡೆಯ ಮೇಲಿನ ಫಾರ್ಮುಲಾ ಪಟ್ಟಿ ತೆಗೆದುಬಿಡಿ. ಅದರ ಜಾಗದಲ್ಲಿ ಪರಮಾಣು ತೂಕಗಳನ್ನು ಅಂಟಿಸಿ. ಜಲಜನಕ 1, ಕಾರ್ಬನ್ 12, ಸಾರಜನಕ 14, ಆಮ್ಲಜನಕ 16, ಸೋಡಿಯಂ 23, ಮೆಗ್ನೀಸಿಯಂ 24, ಅಲ್ಯೂಮಿನಿಯಂ 27, ಗಂಧಕ 32, ಕ್ಲೋರಿನ್ 35.5, ಪೊಟ್ಯಾಸಿಯಂ 39, ಕ್ಯಾಲ್ಸಿಯಂ 40, ಕಬ್ಬಿಣ 56, ತಾಮ್ರ 63.5. ಇಷ್ಟು ಬಾಯಲ್ಲಿದ್ದರೆ ಸಾಕು.

ದಿನಕ್ಕೆ ಐದು ಲೆಕ್ಕ ಮಾಡಿ. ಐದೇ. ಆದರೆ ಐದೂ ನಿಮ್ಮ ಕೈಯಿಂದಲೇ ಆಗಬೇಕು.

ಕುಶಾಲನಗರ_ಪಿಸಿಎಂ · ಜನವರಿ 12, ಬೆಳಿಗ್ಗೆ 7.15

ಮೇಡಂ, 22.4 ಅಥವಾ 22.7? ನಮ್ಮ ಪಠ್ಯಪುಸ್ತಕದಲ್ಲಿ 22.7 ಇದೆ. ಹಳೆಯ ಪ್ರಶ್ನೆಪತ್ರಿಕೆಯಲ್ಲಿ 22.4 ಹಾಕಿದರೆ ಉತ್ತರ ಬರುತ್ತದೆ.

ಮತ್ತೆ ನಾಪೋಕ್ಲುವಿನವರಿಗೆ ಒಂದು ಸುಲಭ ದಾರಿ. ಲಿಮಿಟಿಂಗ್ ರಿಯೇಜೆಂಟ್ ಲೆಕ್ಕದಲ್ಲಿ ಯಾವುದರ ಗ್ರಾಂ ಕಡಿಮೆ ಇದೆಯೋ ಅದೇ ಲಿಮಿಟಿಂಗ್. ನಾನು ಮಾಡಿದ ಲೆಕ್ಕದಲ್ಲಿ 14 ಗ್ರಾಂ ಸಾರಜನಕ, 2 ಗ್ರಾಂ ಜಲಜನಕ ಇತ್ತು. ಜಲಜನಕವೇ ಮೊದಲು ಮುಗಿಯಿತು.

ಅರಣ್ಯ_ಕಾಲೇಜು_3ನೇ_ವರ್ಷ · ಜನವರಿ 12, ಮಧ್ಯಾಹ್ನ 1.30

ಕುಶಾಲನಗರದ ಗೆಳೆಯರೇ, ಆ ದಾರಿ ದಯವಿಟ್ಟು ಬಿಟ್ಟುಬಿಡಿ. ನಿಮ್ಮ ಲೆಕ್ಕದಲ್ಲಿ ಉತ್ತರ ಸರಿ ಬಂತು. ಆದರೆ ಅದು ಆ ಅಂಕಿಗಳಿಂದ ಹಾಗೆ ಹೊಂದಿಕೊಂಡಿತು, ಅಷ್ಟೇ.

ಇದನ್ನು ನೋಡಿ. 2 ಗ್ರಾಂ ಜಲಜನಕ, 8 ಗ್ರಾಂ ಆಮ್ಲಜನಕ. ನೀರು ಎಷ್ಟು? ನಿಮ್ಮ ನಿಯಮದಂತೆ ಜಲಜನಕ ಮೊದಲು ಮುಗಿಯಬೇಕು. ಮೋಲ್‌ಗೆ ಬನ್ನಿ. ಜಲಜನಕ 1 ಮೋಲ್. ಆಮ್ಲಜನಕ 8 ಭಾಗಿಸು 32, ಅಂದರೆ 0.25 ಮೋಲ್. ಎರಡು ಮೋಲ್ ಜಲಜನಕಕ್ಕೆ ಒಂದು ಮೋಲ್ ಆಮ್ಲಜನಕ ಬೇಕು. 1 ಮೋಲ್ ಜಲಜನಕಕ್ಕೆ 0.5 ಬೇಕಿತ್ತು, ಇರುವುದು 0.25. ಗ್ರಾಂನಲ್ಲಿ ಜಾಸ್ತಿ ಇದ್ದರೂ ಆಮ್ಲಜನಕವೇ ಮೊದಲು ಮುಗಿಯುತ್ತದೆ. ನೀರು 0.5 ಮೋಲ್, ಅಂದರೆ 9 ಗ್ರಾಂ. 1 ಗ್ರಾಂ ಜಲಜನಕ ಉಳಿಯುತ್ತದೆ. ಹಾಕಿದ್ದು ಒಟ್ಟು 10 ಗ್ರಾಂ, ಸಿಕ್ಕಿದ್ದು 9 ಮತ್ತು 1. ತಾಳೆಯಾಯಿತು.

ನನಗೆ ಇದು ಅರ್ಥವಾಗಿದ್ದು ಮುಕ್ಕಾಲಿಯಿಂದ. ಕೊಡವ ಮದುವೆಯಲ್ಲಿ ಮೂರು ಕಾಲಿನ ಮುಕ್ಕಾಲಿಯ ಮೇಲೆ ಕೂರಿಸುತ್ತಾರಲ್ಲ, ಅದೇ. ಒಂದು ಮುಕ್ಕಾಲಿಗೆ ಒಂದು ಹಲಗೆ, ಮೂರು ಕಾಲು. ಆಚಾರಿ ಹತ್ತಿರ 5 ಹಲಗೆ, 12 ಕಾಲು ಇದ್ದರೆ ಎಷ್ಟು ಮುಕ್ಕಾಲಿ ಆಗುತ್ತದೆ? ನಾಲ್ಕು. ಕಾಲುಗಳ ಸಂಖ್ಯೆ ಜಾಸ್ತಿ ಇದ್ದರೂ ಮೊದಲು ಮುಗಿಯುವುದು ಕಾಲು. ಹಲಗೆಯ ತೂಕ, ಕಾಲಿನ ತೂಕ ಯಾರೂ ಕೇಳುವುದಿಲ್ಲ. ಒಂದು ಸಾರಜನಕಕ್ಕೆ ಮೂರು ಜಲಜನಕ ಅನ್ನುವುದೂ ಹೀಗೇ. ಮೋಲ್ ಮಾಡಿ, ಸಮೀಕರಣದ ಅಂಕಿಯಿಂದ ಭಾಗಿಸಿ, ಯಾವುದು ಚಿಕ್ಕದೋ ಅದು ಲಿಮಿಟಿಂಗ್.

ನಿಮ್ಮ 14 ಗ್ರಾಂ, 2 ಗ್ರಾಂ ಲೆಕ್ಕವನ್ನು ಪೂರ್ತಿ ಮಾಡಿ. ಅಮೋನಿಯಾ ಎಷ್ಟು ಗ್ರಾಂ, ಉಳಿದದ್ದು ಎಷ್ಟು ಗ್ರಾಂ ಅಂತ ಬರೆಯಿರಿ. ಎರಡೂ ಕೂಡಿಸಿದರೆ 16 ಬರಬೇಕು.

ಗೋಣಿಕೊಪ್ಪದ_ಕೆಮಿಸ್ಟ್ರಿ_ಮೇಡಂ · ಜನವರಿ 12, ಸಂಜೆ 6.50

22.4 ಮತ್ತು 22.7 ಎರಡೂ ಸರಿಯೇ. ಒತ್ತಡ ಬೇರೆ ಬೇರೆ. ಹಳೆಯ ಎಸ್‌ಟಿಪಿಯಲ್ಲಿ ಒತ್ತಡ 1 ಅಟ್ಮಾಸ್ಫಿಯರ್, ಆಗ 22.4 ಲೀಟರ್. 1982ರಲ್ಲಿ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಐಯುಪ್ಯಾಕ್ ಅದನ್ನು 1 ಬಾರ್ ಅಂತ ಬದಲಿಸಿತು. 1 ಬಾರ್ ಸ್ವಲ್ಪ ಕಡಿಮೆ ಒತ್ತಡ, ಅದಕ್ಕೇ ಅನಿಲ ಸ್ವಲ್ಪ ಜಾಸ್ತಿ ಜಾಗ ತೆಗೆದುಕೊಳ್ಳುತ್ತದೆ. 22.7 ಆಗುತ್ತದೆ. ಪ್ರಶ್ನೆಯಲ್ಲಿ ಒತ್ತಡ ಕೊಟ್ಟಿದ್ದರೆ ಅದನ್ನು ನಂಬಿ. ಕೊಟ್ಟಿಲ್ಲದಿದ್ದರೆ ಆಯ್ಕೆಗಳನ್ನು ನೋಡಿ. 11.2, 5.6, 4.48 ಇಂಥವು ಕಂಡರೆ 22.4 ಹಾಕಿದ್ದಾರೆ ಅಂತ ಅರ್ಥ.

ಮುಕ್ಕಾಲಿ ಉದಾಹರಣೆ ನಾನು ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ.

ಕುಶಾಲನಗರ_ಪಿಸಿಎಂ · ಜನವರಿ 12, ರಾತ್ರಿ 8.05

ಮಾಡಿದೆ. ಸಾರಜನಕ 0.5 ಮೋಲ್, ಜಲಜನಕ 1 ಮೋಲ್. ಜಲಜನಕವನ್ನು 3ರಿಂದ ಭಾಗಿಸಿದರೆ 0.33. ಅದು ಚಿಕ್ಕದು, ಹಾಗಾಗಿ ಲಿಮಿಟಿಂಗ್. ಅಮೋನಿಯಾ 0.67 ಮೋಲ್, ಅಂದರೆ 11.33 ಗ್ರಾಂ. ಉಳಿದ ಸಾರಜನಕ 4.67 ಗ್ರಾಂ. ಕೂಡಿಸಿದರೆ 16. ನನ್ನ ನಿಯಮ ವಾಪಸ್ ತೆಗೆದುಕೊಳ್ಳುತ್ತೇನೆ. ಇಷ್ಟು ದಿನ ಅದನ್ನು ಇಬ್ಬರು ಸ್ನೇಹಿತರಿಗೂ ಹೇಳಿಕೊಟ್ಟಿದ್ದೆ. ಅವರಿಗೂ ಫೋನ್ ಮಾಡುತ್ತೇನೆ.

ಶನಿವಾರಸಂತೆ_ಅಮ್ಮ · ಜನವರಿ 14, ಮಧ್ಯಾಹ್ನ 3.20

ನನ್ನ ಮಗನ ಅನುಭವ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಕಳೆದ ವರ್ಷ ದೂರದ ಊರಿನ ಒಂದು ಕ್ರ್ಯಾಶ್ ಕೋರ್ಸ್‌ಗೆ ಸೇರಿಸಿದ್ದೆವು. ಮೆಣಸು ಮಾರಿದ ದುಡ್ಡು ಪೂರ್ತಿ ಅದಕ್ಕೇ ಹೋಯಿತು. ಅಲ್ಲಿ ದಿನಕ್ಕೆ ನೂರು ಲೆಕ್ಕವನ್ನು ಬೋರ್ಡ್ ಮೇಲೆ ಬಿಡಿಸುತ್ತಿದ್ದರು. ಇವನು ಎಲ್ಲವನ್ನೂ ಚೆನ್ನಾಗಿ ಬರೆದುಕೊಂಡು ಬರುತ್ತಿದ್ದ. ನಾಲ್ಕು ನೋಟ್‌ಬುಕ್ ತುಂಬಿತು. ಪರೀಕ್ಷೆಯಲ್ಲಿ ಅದೇ ಲೆಕ್ಕ ಅಂಕಿ ಬದಲಾಗಿ ಬಂದಾಗ ಬಿಡಿಸಲು ಆಗಲಿಲ್ಲ. ನೋಡಿದ್ದನ್ನೆಲ್ಲ ಗೊತ್ತಿದೆ ಅಂದುಕೊಂಡಿದ್ದ.

ಈಗ ಮನೆಯಲ್ಲೇ ಕೂತು ಮತ್ತೆ ಓದುತ್ತಿದ್ದಾನೆ. ಅದೇ ನಾಲ್ಕು ನೋಟ್‌ಬುಕ್. ಬಿಡಿಸಿದ ಭಾಗದ ಮೇಲೆ ಹಳೆ ಕ್ಯಾಲೆಂಡರ್ ಹಾಳೆ ಇಟ್ಟು ಮುಚ್ಚುತ್ತಾನೆ. ಪ್ರಶ್ನೆ ಮಾತ್ರ ಓದಿ ಬೇರೆ ಹಾಳೆಯಲ್ಲಿ ಮಾಡುತ್ತಾನೆ. ಸಿಕ್ಕಿಕೊಂಡರೆ ಒಂದೇ ಸಾಲು ತೆರೆದು ನೋಡುತ್ತಾನೆ, ಮತ್ತೆ ಮುಚ್ಚುತ್ತಾನೆ. ಮೊದಲ ವಾರ ದಿನಕ್ಕೆ ನಾಲ್ಕು ಲೆಕ್ಕ ಆಗುವುದೂ ಕಷ್ಟವಿತ್ತು. ಈಗ ಹದಿನೈದು ಆಗುತ್ತಿದೆ. ನನಗೆ ಕೆಮಿಸ್ಟ್ರಿ ಗೊತ್ತಿಲ್ಲ. ಆದರೆ ಅವನು ಈಗ ಸುಮ್ನೆ ಬರೆಯುತ್ತಿಲ್ಲ, ಯೋಚಿಸುತ್ತಿದ್ದಾನೆ ಅಂತ ಮುಖ ನೋಡಿದರೇ ಗೊತ್ತಾಗುತ್ತದೆ.

ಅರಣ್ಯ_ಕಾಲೇಜು_3ನೇ_ವರ್ಷ · ಜನವರಿ 14, ರಾತ್ರಿ 9.10

ಅಮ್ಮ ಹೇಳಿದ್ದು ನೂರಕ್ಕೆ ನೂರು ಸತ್ಯ. ಮಗನಿಗೆ ಒಳ್ಳೆಯದಾಗಲಿ.

ಪರೀಕ್ಷೆಯ ಬಗ್ಗೆ ಒಂದೆರಡು ಮಾತು. ಸಿಇಟಿ ಕೆಮಿಸ್ಟ್ರಿಯಲ್ಲಿ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ 80 ಸೆಕೆಂಡ್. ಕ್ಯಾಲ್ಕುಲೇಟರ್ ಇಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ನೀಟ್‌ನಲ್ಲಿ ಹಾಗಲ್ಲ, ಒಂದು ತಪ್ಪಿಗೆ ಒಂದು ಅಂಕ ಹೋಗುತ್ತದೆ. ಎರಡೂ ಬರೆಯುವವರು ಈ ವ್ಯತ್ಯಾಸ ನೆನಪಿಡಿ.

ನಾನು ಎರಡು ಸುತ್ತಿನಲ್ಲಿ ಮಾಡಿದ್ದೆ. ಮೊದಲ ಸುತ್ತಿನಲ್ಲಿ ಓದಿದ ಕೂಡಲೇ ಗೊತ್ತಾಗುವುದು. ಅದಕ್ಕೆ ಅರ್ಧ ನಿಮಿಷವೂ ಬೇಡ. ಲೆಕ್ಕಗಳನ್ನು ಎರಡನೇ ಸುತ್ತಿಗೆ ಇಟ್ಟುಕೊಂಡೆ. ಆಗ ಒಂದೊಂದಕ್ಕೆ ಎರಡು, ಎರಡೂವರೆ ನಿಮಿಷ ಆರಾಮಾಗಿ ಸಿಕ್ಕಿತು.

ಹಳೆಯ ಪ್ರಶ್ನೆಪತ್ರಿಕೆಗಳು ಸಿಇಟಿ ನಡೆಸುವ ಕೆಇಎ ಜಾಲತಾಣದಲ್ಲೇ ಸಿಗುತ್ತವೆ. ದುಡ್ಡು ಕೊಟ್ಟು ದಪ್ಪ ಪುಸ್ತಕ ತರಬೇಕಾಗಿಲ್ಲ. ಆದರೆ ಒಂದು ಎಚ್ಚರ. ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಾಲಿಮರ್ಸ್, ಫಸ್ಟ್ ಪಿಯುನ ಸ್ಟೇಟ್ಸ್ ಆಫ್ ಮ್ಯಾಟರ್ ಇಂಥ ಪಾಠಗಳನ್ನು ಎನ್‌ಸಿಇಆರ್‌ಟಿ ಪಠ್ಯದಿಂದ ತೆಗೆದಿದ್ದಾರೆ. 2024ರ ಸಿಇಟಿಯಲ್ಲಿ ಪಠ್ಯದಲ್ಲಿ ಇಲ್ಲದ ಪ್ರಶ್ನೆಗಳು ಬಂದು ದೊಡ್ಡ ಗಲಾಟೆಯೇ ಆಯಿತು. ಕೊನೆಗೆ ಎಲ್ಲಾ ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಹಳೆ ಪತ್ರಿಕೆ ಮಾಡುವ ಮುಂಚೆ ಈ ವರ್ಷದ ಪಠ್ಯಕ್ರಮವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಇಲ್ಲದ ಪಾಠದ ಲೆಕ್ಕಕ್ಕೆ ಸಂಜೆಯೆಲ್ಲ ಹಾಳು ಮಾಡಬೇಡಿ.

ಹತ್ತನೇ ತರಗತಿವರೆಗೆ ಗ್ರಾಮೀಣ ಶಾಲೆ, ಕನ್ನಡ ಮಾಧ್ಯಮ ಆಗಿದ್ದರೆ ಅರ್ಜಿಯಲ್ಲಿ ಎರಡನ್ನೂ ಮರೆಯದೆ ತುಂಬಿ. ಪ್ರಮಾಣಪತ್ರ ಈಗಲೇ ಮಾಡಿಸಿಡಿ. ವಿಷಯ ಬೇರೆ, ಆದರೂ ಹೇಳಬೇಕು ಅನ್ನಿಸಿತು.

ಸಿದ್ದಾಪುರ_ತೋಟ · ಜನವರಿ 17, ರಾತ್ರಿ 8.45

ನಾನು ಕಾಫಿ ಬೆಳೆಗಾರ. ಮಗಳು ಸಿಇಟಿಗೆ ಓದುತ್ತಿದ್ದಾಳೆ, ಅವಳ ಫೋನಿನಲ್ಲಿ ಇದನ್ನು ಓದಿದೆ. ಮಕ್ಕಳು ಮಾಡುವ ಲೆಕ್ಕ ನಮ್ಮ ಕೆಲಸಕ್ಕೆ ಇಷ್ಟು ಹತ್ತಿರ ಇದೆ ಅಂತ ಗೊತ್ತಿರಲಿಲ್ಲ.

ಕರಿಮೆಣಸಿನ ಬಳ್ಳಿಗೆ ರೋಗ ಬಾರದಿರಲು ಶೇ. 1ರ ಬೋರ್ಡೋ ದ್ರಾವಣ ಹೊಡೆಯುತ್ತೇವೆ. 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ನನ್ನ ಎರಡು ಪ್ರಶ್ನೆ. ಆ 1 ಕೆಜಿಯಲ್ಲಿ ನಿಜವಾದ ತಾಮ್ರ ಎಷ್ಟು? ಮತ್ತೆ, ದ್ರಾವಣಕ್ಕೆ ಕತ್ತಿ ಅದ್ದಿ ನೋಡಿ, ಕತ್ತಿ ಕೆಂಪಾದರೆ ಇನ್ನೂ ಸುಣ್ಣ ಹಾಕು ಅಂತ ನಮ್ಮ ತಂದೆ ಹೇಳುತ್ತಿದ್ದರು. ಅದು ಯಾಕೆ?

ಗೋಣಿಕೊಪ್ಪದ_ಕೆಮಿಸ್ಟ್ರಿ_ಮೇಡಂ · ಜನವರಿ 17, ರಾತ್ರಿ 10.00

ಎಂಥಾ ಒಳ್ಳೆಯ ಪ್ರಶ್ನೆ! ಮೊದಲನೆಯದನ್ನು ನಾಪೋಕ್ಲುವಿನವರು ಮಾಡಲಿ. ಒಂದು ಸುಳಿವು: ಮೈಲುತುತ್ತದ ಹರಳಿನಲ್ಲಿ ಐದು ನೀರಿನ ಅಣುಗಳಿವೆ. ನೀಲಿ ಬಣ್ಣ ಇರುವುದೇ ಆ ನೀರು ಜೊತೆಗಿರುವುದರಿಂದ. ಕಾಯಿಸಿ ನೀರು ಪೂರ್ತಿ ಹೋದರೆ ಅದು ಬಿಳಿ ಪುಡಿ.

ಎರಡನೆಯದು ಸೆಕೆಂಡ್ ಪಿಯುನ ಎಲೆಕ್ಟ್ರೋಕೆಮಿಸ್ಟ್ರಿ. ಸುಣ್ಣ ಕಡಿಮೆಯಾದರೆ ದ್ರಾವಣದಲ್ಲಿ ತಾಮ್ರದ ಅಯಾನುಗಳು ಬಿಡಿಯಾಗಿ ಉಳಿಯುತ್ತವೆ. ಕಬ್ಬಿಣಕ್ಕೆ ಎಲೆಕ್ಟ್ರಾನ್ ಬಿಟ್ಟುಕೊಡುವ ಗುಣ ತಾಮ್ರಕ್ಕಿಂತ ಜಾಸ್ತಿ. ಕತ್ತಿಯ ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿಯುತ್ತದೆ, ತಾಮ್ರ ಬಂದು ಕತ್ತಿಯ ಮೇಲೆ ಕೂರುತ್ತದೆ. ಅದೇ ಆ ಕೆಂಪು. ತಾಮ್ರದ ಸ್ಟ್ಯಾಂಡರ್ಡ್ ಎಲೆಕ್ಟ್ರೋಡ್ ಪೊಟೆನ್ಷಿಯಲ್ +0.34 ವೋಲ್ಟ್, ಕಬ್ಬಿಣದ್ದು −0.44. ವ್ಯತ್ಯಾಸ 0.78 ವೋಲ್ಟ್, ಧನ. ಹಾಗಾಗಿ ಕ್ರಿಯೆ ತಾನಾಗಿಯೇ ನಡೆಯುತ್ತದೆ. ಸುಣ್ಣ ಸಾಕಷ್ಟು ಬಿದ್ದರೆ ಬಿಡಿ ತಾಮ್ರ ಉಳಿಯುವುದಿಲ್ಲ, ಕತ್ತಿ ಹಾಗೇ ಇರುತ್ತದೆ. ಕಬ್ಬಿಣದ ಡ್ರಮ್‌ನಲ್ಲಿ ಬೋರ್ಡೋ ಮಾಡಬಾರದು ಅನ್ನುವುದೂ ಇದಕ್ಕೇ. ನಿಮ್ಮ ತಂದೆಯವರು ಹೇಳಿದ್ದು ಪಕ್ಕಾ ಕೆಮಿಸ್ಟ್ರಿ.

ನಾಪೋಕ್ಲು_ಪಿಯು · ಜನವರಿ 18, ರಾತ್ರಿ 9.55

ಮೊದಲ ಸಲ ಐದು ನೀರನ್ನು ಮರೆತು 159.5 ಹಾಕಿದೆ. ಸುಳಿವು ಮತ್ತೆ ಓದಿ ತಿದ್ದಿದೆ.

ತಾಮ್ರ 63.5, ಗಂಧಕ 32, ನಾಲ್ಕು ಆಮ್ಲಜನಕ 64, ಐದು ನೀರು 90. ಒಟ್ಟು 249.5. 1000 ಗ್ರಾಂ ಭಾಗಿಸು 249.5, ಅಂದರೆ ಸುಮಾರು 4 ಮೋಲ್. 4 ಮೋಲ್ ತಾಮ್ರ ಅಂದರೆ 254 ಗ್ರಾಂ. ಅಂಕಲ್, ಒಂದು ಕೆಜಿಯಲ್ಲಿ ಕಾಲು ಕೆಜಿ ತಾಮ್ರ ಇದೆ. 100 ಲೀಟರ್‌ನಲ್ಲಿ 4 ಮೋಲ್, ಹಾಗಾಗಿ ಲೀಟರ್‌ಗೆ 0.04 ಮೋಲ್ ತಾಮ್ರ.

ಮನೆಯಲ್ಲಿ ಯೂರಿಯಾ ಚೀಲವೂ ಇತ್ತು. ಅದನ್ನೂ ಮಾಡಿದೆ. ಯೂರಿಯಾ 60, ಅದರಲ್ಲಿ ಎರಡು ಸಾರಜನಕ 28. ಶೇ. 46.67 ಬಂತು. ಚೀಲದ ಮೇಲೆ 46 ಅಂತ ಇದೆ. 45 ಕೆಜಿ ಚೀಲದಲ್ಲಿ 20.7 ಕೆಜಿ ಸಾರಜನಕ. ಚೀಲದ ಮೇಲಿನ ಅಂಕಿ ನನ್ನ ಲೆಕ್ಕದಲ್ಲಿ ಬಂದಾಗ ಆದ ಖುಷಿಯನ್ನು ಹೇಗೆ ಹೇಳಲಿ!

ಗೋಣಿಕೊಪ್ಪದ_ಕೆಮಿಸ್ಟ್ರಿ_ಮೇಡಂ · ಜನವರಿ 18, ರಾತ್ರಿ 10.20

ಪೂರ್ತಿ ಸರಿ. 249.5ನ್ನು 250 ಅಂತ ತೆಗೆದುಕೊಂಡಿದ್ದು ಇನ್ನೂ ಒಳ್ಳೆಯದು. ಕ್ಯಾಲ್ಕುಲೇಟರ್ ಇಲ್ಲದ ಪರೀಕ್ಷೆಯಲ್ಲಿ ಹೀಗೇ ಮಾಡಬೇಕು. ಆಯ್ಕೆಗಳು ಒಂದಕ್ಕೊಂದು ದೂರ ಇದ್ದರೆ ಧೈರ್ಯವಾಗಿ ಹತ್ತಿರದ ಸುಲಭ ಅಂಕಿ ಹಾಕಿ.

ಮುಂದಿನ ವಾರಕ್ಕೆ ಡಿಎಪಿ ಗೊಬ್ಬರದ ಚೀಲ ನೋಡಿ. 18:46 ಅಂತ ಇರುತ್ತದೆ. ಆ 46 ರಂಜಕ ಅಲ್ಲ, ಫಾಸ್ಫರಸ್ ಪೆಂಟಾಕ್ಸೈಡ್ ಲೆಕ್ಕದಲ್ಲಿ ಬರೆದದ್ದು. ಪೆಂಟಾಕ್ಸೈಡ್ 142, ಅದರಲ್ಲಿ ರಂಜಕ 62. ಹಾಗಾದರೆ ನಿಜವಾದ ರಂಜಕ ಶೇಕಡಾ ಎಷ್ಟು? ಉತ್ತರ 20ರ ಹತ್ತಿರ ಬರಬೇಕು.

ವಿರಾಜಪೇಟೆ_ನೀಟ್_2ನೇ_ಸಲ · ಫೆಬ್ರವರಿ 2, ರಾತ್ರಿ 11.15

ನನ್ನದು ಪಿಎಚ್ ಸಮಸ್ಯೆ. ಪಿಎಚ್ 2 ಇರುವ ಹೈಡ್ರೋಕ್ಲೋರಿಕ್ ಆಸಿಡ್, ಪಿಎಚ್ 3 ಇರುವ ಅದೇ ಆಸಿಡ್, ಸಮ ಪ್ರಮಾಣದಲ್ಲಿ ಬೆರೆಸಿದರೆ ಎಷ್ಟು? ನಾನು 2.5 ಅಂದೆ. ಉತ್ತರ 2.26 ಅಂತ ಇದೆ.

ಇನ್ನೊಂದು. ಪಿಎಚ್ 3 ಇರುವ ಆಸಿಡ್‌ಗೆ ಹತ್ತು ಪಟ್ಟು ನೀರು ಸೇರಿಸಿದರೆ ಪಿಎಚ್ 4 ಆಗಬೇಕಲ್ವಾ? ಅಜ್ಜಿ ಪಂದಿ ಕರಿಗೆ ಹಾಕುವ ಕಾಚಂಪುಳಿಯನ್ನು (ಹಣ್ಣಿನ ಹುಳಿರಸ) ಕಾಲೇಜಿನ ಲ್ಯಾಬಿಗೆ ಒಯ್ದು ಮೀಟರ್‌ನಲ್ಲಿ ನೋಡಿದೆ. ಹತ್ತು ಪಟ್ಟು ತೆಳು ಮಾಡಿದರೂ ಒಂದು ಪೂರ್ತಿ ಅಂಕಿ ಏರಲಿಲ್ಲ. ಎಲ್ಲಿ ತಪ್ಪಿದೆ?

ಗೋಣಿಕೊಪ್ಪದ_ಕೆಮಿಸ್ಟ್ರಿ_ಮೇಡಂ · ಫೆಬ್ರವರಿ 3, ಸಂಜೆ 7.30

ಮೊದಲನೆಯದು. ಪಿಎಚ್ ಒಂದು ಲಾಗ್ ಅಂಕಿ, ಅದನ್ನು ಸರಾಸರಿ ಮಾಡಬಾರದು. ಅಯಾನುಗಳ ಮೋಲ್‌ಗೆ ಬನ್ನಿ, ಮತ್ತೆ ಅದೇ ಮಡಿಕೇರಿ. ಒಂದರಲ್ಲಿ ಲೀಟರ್‌ಗೆ 0.01 ಮೋಲ್, ಇನ್ನೊಂದರಲ್ಲಿ 0.001. ಒಂದೊಂದು ಲೀಟರ್ ಬೆರೆಸಿದರೆ ಎರಡು ಲೀಟರ್‌ನಲ್ಲಿ 0.011 ಮೋಲ್. ಲೀಟರ್‌ಗೆ 0.0055. ಇದು 5.5 × 10⁻³. ಲಾಗ್ 2 ಅಂದರೆ 0.3010 ಅಂತ ಗೊತ್ತಿದ್ದರೆ ಲಾಗ್ 5 ಅಂದರೆ 0.699. ಲಾಗ್ 3 ಅಂದರೆ 0.4771, ಹಾಗಾಗಿ ಲಾಗ್ 6 ಅಂದರೆ 0.778. 5.5 ಇವೆರಡರ ನಡುವೆ, ಸುಮಾರು 0.74. 3ರಲ್ಲಿ 0.74 ಕಳೆದರೆ 2.26. ಲಾಗ್ 2, ಲಾಗ್ 3 ಎರಡೇ ನೆನಪಿದ್ದರೆ ಬಹಳ ದೂರ ಹೋಗಬಹುದು.

ಕಾಚಂಪುಳಿ ಪ್ರಯೋಗ ಮಾಡಿದ್ದಕ್ಕೆ ಶಭಾಷ್. ಅಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ಹೈಡ್ರೋಕ್ಲೋರಿಕ್ ಆಸಿಡ್ ನೀರಿನಲ್ಲಿ ಪೂರ್ತಿ ಬಿಡಿಯಾಗುತ್ತದೆ. ಹತ್ತು ಪಟ್ಟು ತೆಳು ಮಾಡಿದರೆ ಪಿಎಚ್ ಒಂದು ಏರುತ್ತದೆ. ಕಾಚಂಪುಳಿಯಲ್ಲಿ ಇರುವುದು ಹೈಡ್ರಾಕ್ಸಿ ಸಿಟ್ರಿಕ್ ಆಸಿಡ್‌ನಂಥ ದುರ್ಬಲ ಆಮ್ಲ. ಅದರ ಅಣುಗಳಲ್ಲಿ ಸ್ವಲ್ಪ ಮಾತ್ರ ಬಿಡಿಯಾಗಿರುತ್ತವೆ. ನೀರು ಸೇರಿಸಿದಾಗ ಉಳಿದವು ಇನ್ನಷ್ಟು ಬಿಡಿಯಾಗಿ ಕೊರತೆ ತುಂಬುತ್ತವೆ. ದುರ್ಬಲ ಆಮ್ಲಕ್ಕೆ ಹತ್ತು ಪಟ್ಟು ನೀರು ಅಂದರೆ ಪಿಎಚ್ ಸುಮಾರು ಅರ್ಧ ಅಂಕಿ ಏರುತ್ತದೆ. ಓಸ್ಟ್‌ವಾಲ್ಡ್ ನಿಯಮ ಅಂತ ನೀವು ಬಾಯಿಪಾಠ ಮಾಡಿದ್ದೀರಲ್ಲ, ಅದನ್ನೇ ಅಜ್ಜಿಯ ಬಾಟಲಿಯಲ್ಲಿ ಕಂಡಿದ್ದೀರಿ.

ಕುಶಾಲನಗರ_ಪಿಸಿಎಂ · ಫೆಬ್ರವರಿ 3, ರಾತ್ರಿ 9.00

ಕೈನೆಟಿಕ್ಸ್‌ಗೆ (ಕ್ರಿಯೆಯ ವೇಗದ ಪಾಠ) ಹೀಗೆ ಏನಾದರೂ ಇದೆಯಾ?

ಅರಣ್ಯ_ಕಾಲೇಜು_3ನೇ_ವರ್ಷ · ಫೆಬ್ರವರಿ 3, ರಾತ್ರಿ 9.40

ಫಸ್ಟ್ ಆರ್ಡರ್ ಕ್ರಿಯೆಯಲ್ಲಿ ಅರ್ಧಾಯುಷ್ಯ ಎಣಿಸಿ, ಅಂದರೆ ವಸ್ತು ಅರ್ಧಕ್ಕೆ ಇಳಿಯಲು ಬೇಕಾದ ಸಮಯ. ಶೇ. 75 ಮುಗಿಯಲು ಎರಡು ಅರ್ಧಾಯುಷ್ಯ, ಶೇ. 87.5ಕ್ಕೆ ಮೂರು, ಶೇ. 99.9ಕ್ಕೆ ಸುಮಾರು ಹತ್ತು. ಎಷ್ಟೋ ಪ್ರಶ್ನೆ ಇದರಲ್ಲೇ ಮುಗಿಯುತ್ತವೆ.

ನಾಪೋಕ್ಲು_ಪಿಯು · ಮಾರ್ಚ್ 9, ರಾತ್ರಿ 8.30

ನಿನ್ನೆ ನಮ್ಮಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಆಯಿತು. ಅಪ್ಪನ ಮುಖ ನೋಡಿ ಮನೆಯವರಿಗೆಲ್ಲ ಖುಷಿ. ಕರೆಂಟ್ ಮಾತ್ರ ಇವತ್ತು ಸಂಜೆ ಬಂತು.

ದಿನಕ್ಕೆ ಐದು ಲೆಕ್ಕ ಬಿಡದೆ ಮಾಡಿದ್ದೇನೆ. ಪಿಯು ಪರೀಕ್ಷೆಯ ದಿನಗಳಲ್ಲಿ ಎರಡಕ್ಕೆ ಇಳಿದಿತ್ತು. ತಪ್ಪಿದ ಲೆಕ್ಕಗಳಿಗೆ ಬೇರೆ ನೋಟ್‌ಬುಕ್ ಇಟ್ಟಿದ್ದೇನೆ. ಯಾಕೆ ತಪ್ಪಾಯಿತು ಅಂತ ಪಕ್ಕದಲ್ಲಿ ಒಂದು ಸಾಲು ಬರೆಯುತ್ತೇನೆ. ನಿನ್ನೆ ಎಣಿಸಿದೆ, 41 ತಪ್ಪು. ಅದರಲ್ಲಿ 17 ಸಲ ಮಿಲಿಲೀಟರನ್ನು ಲೀಟರ್ ಮಾಡಿಲ್ಲ. 9 ಸಲ ಸಮೀಕರಣ ಸರಿದೂಗಿಸಿಲ್ಲ. 6 ಸಲ ಮೋಲಾರಿಟಿ ಕೇಳಿದಾಗ ಮೋಲಾಲಿಟಿ (ಒಂದು ಕೆಜಿ ದ್ರಾವಕಕ್ಕೆ ಎಷ್ಟು ಮೋಲ್) ಮಾಡಿದ್ದೇನೆ. ಉಳಿದದ್ದು ಕೂಡುವ, ಕಳೆಯುವ ತಪ್ಪು. ಕೆಮಿಸ್ಟ್ರಿ ಗೊತ್ತಿಲ್ಲದೆ ತಪ್ಪಿದ್ದು ಬಹಳ ಕಡಿಮೆ. ನನಗೆ ಇದು ಬರಲ್ಲ ಅಂತ ಎರಡು ವರ್ಷ ಅಂದುಕೊಂಡಿದ್ದೆ.

ಮೊದಲು ಹೆದರುತ್ತಿದ್ದ ಒಂದು ಲೆಕ್ಕ ಇವತ್ತು ಮೂರು ಸಾಲಿನಲ್ಲಿ ಆಯಿತು. ಶೇ. 98ರ ಸಲ್ಫ್ಯೂರಿಕ್ ಆಸಿಡ್, ಸಾಂದ್ರತೆ ಮಿಲಿಲೀಟರ್‌ಗೆ 1.84 ಗ್ರಾಂ, ಮೋಲಾರಿಟಿ ಎಷ್ಟು? ಒಂದು ಲೀಟರ್ ತೂಕ 1840 ಗ್ರಾಂ. ಅದರಲ್ಲಿ ಶೇ. 98 ಆಸಿಡ್. ಮೋಲಾರ್ ಮಾಸ್ ಕೂಡ 98. ಹಾಗಾಗಿ 18.4 ಮೋಲ್. ಸರಿ ಅಲ್ವಾ ಮೇಡಂ?

ಗೋಣಿಕೊಪ್ಪದ_ಕೆಮಿಸ್ಟ್ರಿ_ಮೇಡಂ · ಮಾರ್ಚ್ 9, ರಾತ್ರಿ 9.15

ಅಂಕಿ ಸರಿ. ಯೂನಿಟ್ ಅರ್ಧ ಬರೆದಿದ್ದೀರಿ. ಲೀಟರ್‌ಗೆ 18.4 ಮೋಲ್. 41 ತಪ್ಪುಗಳ ಆ ನೋಟ್‌ಬುಕ್ಕನ್ನೇ ಪರೀಕ್ಷೆಯ ಹಿಂದಿನ ದಿನ ಓದಿ. ಬೇರೆ ಏನೂ ಬೇಡ.

ಸಿದ್ದಾಪುರ_ತೋಟ · ಮಾರ್ಚ್ 10, ಬೆಳಿಗ್ಗೆ 6.40

ನಾಪೋಕ್ಲುವಿನ ಮಗಳೇ, ನಿನಗೊಂದು ಲೆಕ್ಕ. ಮಣ್ಣು ಪರೀಕ್ಷೆಯಲ್ಲಿ ಹುಳಿ ಜಾಸ್ತಿ ಬಂದಿದೆ. ಒಂದು ಜಾಗಕ್ಕೆ 100 ಕೆಜಿ ಕೃಷಿ ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕಲು ಹೇಳಿದ್ದಾರೆ. ಅಂಗಡಿಯಲ್ಲಿ ಅರಳಿದ ಸುಣ್ಣ ಮಾತ್ರ ಇದೆಯಂತೆ. ಅದು ಎಷ್ಟು ಕೆಜಿ ತರಲಿ?

ನಾಪೋಕ್ಲು_ಪಿಯು · ಮಾರ್ಚ್ 10, ಬೆಳಿಗ್ಗೆ 7.05

ಅಂಕಲ್, ಮೊದಲು ಮಡಿಕೇರಿಗೆ ಬರುತ್ತೇನೆ. 100 ಕೆಜಿ ಅಂದರೆ 1,00,000 ಗ್ರಾಂ. 100ರಿಂದ ಭಾಗಿಸಿದರೆ 1000 ಮೋಲ್ ಕಾರ್ಬೊನೇಟ್. ಒಂದು ಮೋಲ್ ಕಾರ್ಬೊನೇಟ್ ಎರಡು ಮೋಲ್ ಹುಳಿಯನ್ನು ತೆಗೆಯುತ್ತದೆ. ಅರಳಿದ ಸುಣ್ಣವೂ ಒಂದು ಮೋಲ್‌ಗೆ ಎರಡು ಮೋಲ್ ತೆಗೆಯುತ್ತದೆ. ಹಾಗಾಗಿ ಅದೂ 1000 ಮೋಲ್ ಬೇಕು. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಮೋಲಾರ್ ಮಾಸ್ 40 ಕೂಡಿಸು ಎರಡು 17, ಒಟ್ಟು 74 ಗ್ರಾಂ. 1000 ಮೋಲ್ ಅಂದರೆ 74,000 ಗ್ರಾಂ.

74 ಕೆಜಿ ತನ್ನಿ. ಇದು ಎರಡೂ ಪೂರ್ತಿ ಶುದ್ಧ ಅಂದುಕೊಂಡು ಮಾಡಿದ ಲೆಕ್ಕ. ಚೀಲದ ಮೇಲೆ ಶುದ್ಧತೆ ಎಷ್ಟು ಅಂತ ಬರೆದಿದ್ದರೆ ಫೋಟೋ ಹಾಕಿ, ಮತ್ತೆ ಮಾಡಿಕೊಡುತ್ತೇನೆ.